ಆಲ್ಬುಮಿನ್ ಒಂದು ಪಾಯಿಂಟ್ ನಾಲ್ಕು

"ಈ ಹುಡುಗಿಗೆ ಕಾಮಣಿ ಆಗಿದ್ದಿಲ್ರಿ ಮೇಡಂ," ಎಂದಳು ಲ್ಯಾಬ್ ಟೆಕ್ನಿಷಿಯನ್ ಜ್ಯೋತಿ.

ಸಬ್ ಇನ್‌ಸ್ಪೆಕ್ಟರ್ ಸುಮಿತಾ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. ದಾಂಡೇಲಿಯ ಆ ಸಣ್ಣ ಲ್ಯಾಬಿಗೆ ಬೆಳಗಿನ ರೋಗಿಗಳು ಇನ್ನೂ ಬಂದಿರಲಿಲ್ಲ. ಮೇಜಿನ ಮೇಲಿದ್ದ ಕಾಗದ ಎಂಟು ಮಡಿಕೆಯಾಗಿ, ಮಡಿಕೆಗಳಲ್ಲಿ ಸವೆದು ಹರಿಯುವಂತಾಗಿತ್ತು. ಅದು ನಿನ್ನೆ ಮುಂಡಗೋಡದ ಮನೆಯಲ್ಲಿ, ಆಸಿಫಾ ಮಲಗುತ್ತಿದ್ದ ತಲೆದಿಂಬಿನ ಗವಸಣಿಗೆಯೊಳಗೆ ಸಿಕ್ಕ ರಕ್ತಪರೀಕ್ಷೆಯ ವರದಿ.

ಆಸಿಫಾ ದಾಂಡೇಲಿಯ ಮೆಕ್ಯಾನಿಕ್ ಅಬ್ದುಲ್ ರಜಾಕನ ಹಿರಿಯ ಮಗಳು. ಮುಂಡಗೋಡದ ಅಯಾಜನನ್ನು ಮದುವೆಯಾಗಿ ಎಂಟು ತಿಂಗಳಾಗಿತ್ತು. ಮೈಯೆಲ್ಲ ಬಾತು ತವರಿಗೆ ಬಂದವಳು, ಬಂದ ಮೂರನೆಯ ದಿನವೇ ತೀರಿಕೊಂಡಿದ್ದಳು. ಅದಾಗಿ ಇವತ್ತಿಗೆ ಹನ್ನೊಂದು ದಿನ. ಕುಂಬಾರವಾಡದ ನಾಟಿ ವೈದ್ಯ ಉಳವಪ್ಪ ಕೊಟ್ಟ ಕಾಮಾಲೆಯ ಎಲೆಯೇ ಮಗಳ ಲಿವರನ್ನು ಸುಟ್ಟಿತು ಎಂದು ರಜಾಕ ದೂರು ಬರೆದುಕೊಟ್ಟಿದ್ದ. ಊರೂ ಹಾಗೇ ನಂಬಿತ್ತು.

"ಇಲ್ಲೆ ನೋಡ್ರಿ," ಜ್ಯೋತಿ ಪೆನ್ನಿನ ತುದಿಯಿಂದ ತೋರಿಸಿದಳು. "ಬಿಲಿರುಬಿನ್ ಸೊನ್ನೆ ಪಾಯಿಂಟ್ ಆರು. ಕಾಮಣಿ ಇದ್ರ ಇದು ಏರಬೇಕಿತ್ತು. ಲಿವರಿನ ಉಳದ ಲೆಕ್ಕಾನೂ ಸರಿ ಐತಿ."

"ಹಂಗಾರ ಮೈ ಬಾತದ್ದು ಯಾಕ?"

ಪೆನ್ನು ಎರಡು ಸಾಲು ಕೆಳಗಿಳಿಯಿತು. ಒಟ್ಟು ಪ್ರೋಟೀನ್ ನಾಲ್ಕು ಪಾಯಿಂಟ್ ಎರಡು. ಆಲ್ಬುಮಿನ್ ಒಂದು ಪಾಯಿಂಟ್ ನಾಲ್ಕು.

"ಇದು ಮೂರೂವರಿ ಮ್ಯಾಲ ಇರಬೇಕ್ರಿ. ನೀರನ್ನ ರಕ್ತನಾಳದಾಗ ಹಿಡದು ಇಟ್ಕೊಳ್ಳೋ ಪ್ರೋಟೀನ್ ಇದು. ಇದು ಕಡಿಮಿ ಆತಂದ್ರ ನೀರು ಹೊರಗ ಜಿನುಗಿ ಬಾವು ಬರ್ತೈತಿ."

"ಕಡಿಮಿ ಆಗೂದು ಹೆಂಗ?"

"ಇದನ್ನ ಮಾಡೂದು ಲಿವರು, ಕಾಯೂದು ಕಿಡ್ನಿ. ಲಿವರು ಕೆಟ್ಟರ ಮಾಡಂಗಿಲ್ಲ. ಕಿಡ್ನಿ ಕೆಟ್ಟರ ಮೂತ್ರದಾಗ ಹರದು ಹೋಗ್ತೈತಿ. ಈಕಿದು ಹರದು ಹೋದದ್ದು."

"ಅಷ್ಟು ಖಾತ್ರಿ ಹೆಂಗ ಹೇಳ್ತಿ?"

"ಕೊಲೆಸ್ಟರಾಲ್ ನೋಡ್ರಿ, ನಾಲ್ಕುನೂರಾ ಹತ್ತು. ಇಪ್ಪತ್ಮೂರರ ಹುಡುಗಿಗೆ. ಕಳಕೊಂಡ ಪ್ರೋಟೀನ್ ತುಂಬಬೇಕಂತ ಲಿವರು ಒಂದ ಸವನ ದುಡಿಯೂ ಮುಂದ ಇದೂ ಏರ್ತೈತಿ." ಜ್ಯೋತಿ ಪೆನ್ನನ್ನು ಕೆಳಗಿಟ್ಟಳು. "ಆಕಿ ಲಿವರು ಸುಟ್ಟಿದ್ದಿಲ್ರಿ. ಕಡೀತನಕ ದುಡೀತಿತ್ತು, ಪಾಪ."

ಸುಮಿತಾ ಶವಪರೀಕ್ಷೆಯ ಟಿಪ್ಪಣಿಯನ್ನು ನೆನಪಿಸಿಕೊಂಡಳು. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು ಎಂದು ಅದರಲ್ಲಿತ್ತು. ಅದನ್ನು ಹೇಳಿದಾಗ ಜ್ಯೋತಿ ತಲೆಯಾಡಿಸಿದಳು. ರಕ್ತ ಹೆಪ್ಪಾಗದಂತೆ ಕಾಯುವ ಪ್ರೋಟೀನುಗಳೂ ಆಲ್ಬುಮಿನ್ ಜೊತೆಯಲ್ಲೇ ಸೋರಿ ಹೋಗುತ್ತವೆ, ಅಂಥವರಿಗೆ ಹೀಗಾಗುವುದುಂಟು ಎಂದಳು.

ವರದಿಯ ತಾರೀಖು ಐದು ವಾರ ಹಿಂದಿನದು. ಅಯಾಜ ಹೆಂಡತಿಯನ್ನು ಉಳವಪ್ಪನ ಬಳಿಗೆ ಕರೆದೊಯ್ದದ್ದು ಅದಾದ ಒಂಬತ್ತು ದಿನಕ್ಕೆ. ಎಲೆಯ ರಸ ನಾಲಗೆಗೆ ಸೋಕುವ ಮುಂಚೆಯೇ ಆ ದೇಹ ಬರಿದಾಗುತ್ತ ಬಂದಿತ್ತು. ಕಾಗದದ ಅಡಿಯಲ್ಲಿ ಮುಂಡಗೋಡದ ಡಾಕ್ಟರರ ಕೈಬರಹವಿತ್ತು: ಮೂತ್ರದಲ್ಲಿ ಪ್ರೋಟೀನ್ ಪರೀಕ್ಷಿಸಬೇಕು, ತಕ್ಷಣ ಹುಬ್ಬಳ್ಳಿಗೆ ಹೋಗಿ.

ಆಸಿಫಾ ಹೋಗಿರಲಿಲ್ಲ. ಕಾಗದವನ್ನು ದಿಂಬಿನೊಳಗೆ ತುರುಕಿ ಅದರ ಮೇಲೆ ತಲೆಯಿಟ್ಟು ಮಲಗಿದ್ದಳು.

"ಕಿಡ್ನಿ ಕೆಟ್ಟದ್ದು ಯಾಕ?"

"ಕಾರಣ ಹತ್ತು ಇರ್ತಾವ್ರಿ. ಸಕ್ಕರಿ ರೋಗ, ಬಿಪಿ, ಸೋಂಕು, ಕೆಲವು ಔಷಧ. ಫೋಟೋ ಐತೇನು?"

ಸುಮಿತಾ ಎರಡು ಫೋಟೋ ತೆಗೆದಿಟ್ಟಳು. ಒಂದು ಮದುವೆಯ ಮಾತು ಶುರುವಾಗುವ ಮುಂಚಿನದು, ಇನ್ನೊಂದು ಸಾಯುವ ಹಿಂದಿನ ದಿನ ತಂಗಿ ರಾಹಿಲ ಮೊಬೈಲಿನಲ್ಲಿ ತೆಗೆದದ್ದು. ಮೊದಲನೆಯದರಲ್ಲಿ ಎಣ್ಣೆಗಪ್ಪು ಬಣ್ಣದ ಹುಡುಗಿ ನಗುತ್ತಿದ್ದಳು. ಎರಡನೆಯದರಲ್ಲಿ ಊದಿದ ಮುಖ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕೆನ್ನೆಯ ಮೇಲೆ ಇಟ್ಟುಕೊಂಡ ಕೈ ಮಾತ್ರ ಹಳೆಯದೇ.

ಜ್ಯೋತಿ ಎರಡನೆಯ ಫೋಟೋವನ್ನು ಬೆಳಕಿಗೆ ಹಿಡಿದಳು.

"ಮಾರಿ ಒಂದು ಬಣ್ಣ, ಕೈ ಒಂದು ಬಣ್ಣ," ಎಂದಳು. "ಏನೋ ಹಚ್ಚತಿದ್ಲು. ಹೆಸರು ಇಲ್ಲದ ಬಿಳಿ ಆಗೂ ಕ್ರೀಮು ಬರ್ತಾವ್ರಿ. ಒಂದಿಷ್ಟರಾಗ ಪಾದರಸ ಇರ್ತೈತಿ. ಹೋದ ವರ್ಷ ಟ್ರೇನಿಂಗಿನಾಗ ಡಾಕ್ಟರ್ ಒಬ್ಬರು ಹೇಳಿದ್ರು. ಅದು ಚರ್ಮದಿಂದ ಇಳದು ಕಿಡ್ನಿಗೆ ಕೂಡ್ತೈತಂತ."

ಆಮೇಲೆ ಅವಳು ಕಂಪ್ಯೂಟರಿನ ಕಡೆ ತಿರುಗಿ ಹಳೆಯ ವರದಿಗಳ ಪಟ್ಟಿ ತೆರೆದಳು.

"ಇನ್ನೊಂದು ಇಂಥಾದ್ದ ಕಂಡಿ. ಹೌದಲ್ಲ?" ಸುಮಿತಾ ಕೇಳಿದಳು.

"ರೋಗಿ ಹೆಸರು ಹೇಳಬಾರದ್ರಿ ಮೇಡಂ."

"ಆಕಿ ಇನ್ನೂ ಜೀವಂತ ಇರಬೇಕು. ಹೆಸರು ಹೇಳಿದ್ರ ಹಂಗ ಉಳೀತಾಳ."

ಪ್ರಿಂಟರಿನಿಂದ ಹೊರಬಂದ ಹಾಳೆಯ ಮೇಲಿದ್ದ ಹೆಸರು ಮಹೆಜಬೀನ. ಹಳಿಯಾಳದಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು. ಆಸಿಫಾಳ ತಾಯಿ ಬಿಸ್ಮಿಲ್ಲಾಳ ಸ್ವಂತ ತಂಗಿ.

*

ಠಾಣೆಯ ಪಡಸಾಲೆಯಲ್ಲಿ ಎದುರುಬದುರಾಗಿ ಎರಡು ಬೆಂಚುಗಳಿದ್ದವು. ಒಂದರ ಮೇಲೆ ಉಳವಪ್ಪ ಕೂತಿದ್ದ. ಎಪ್ಪತ್ತು ದಾಟಿದ ಮುದುಕ. ವಿಚಾರಣೆಗೆ ಕರೆದಾಗಲೆಲ್ಲ ಕುಂಬಾರವಾಡದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಎದುರಿನ ಬೆಂಚಿನಲ್ಲಿ ಅಬ್ದುಲ್ ರಜಾಕ ಇದ್ದ. ಅವನನ್ನು ಯಾರೂ ಕರೆದಿರಲಿಲ್ಲ. ಗ್ಯಾರೇಜಿನ ಬಾಗಿಲು ತೆರೆಯದೆ ದಿನವೂ ಬಂದು, ಮಗಳನ್ನು ಕೊಂದವನೆಂದು ತಾನು ನಂಬಿದ ಮನುಷ್ಯನನ್ನು ನೋಡುತ್ತ ಕೂರುತ್ತಿದ್ದ.

ಸುಮಿತಾ ಉಳವಪ್ಪನನ್ನು ಒಳಗೆ ಕರೆದು ಬಾಗಿಲು ಹಾಕಿದಳು.

"ಅಜ್ಜಾ, ಆ ದಿನ ಏನಾತು, ಇನ್ನೊಮ್ಮೆ ಹೇಳು."

"ಕಣ್ಣು ನೋಡ್ದೆ. ಬೆಳ್ಳಗ ಇದ್ದುವು. ಕಾಮಣಿ ಇದ್ರ ಕಣ್ಣ ಮೊದಲು ಹೇಳ್ತಾವು. ಇದು ನನ್ನ ಕೈಯಾಗಿಂದಲ್ಲ, ದವಾಖಾನಿಗೆ ಒಯ್ಯಿ ಅಂತ ಆಕಿ ಗಂಡಗ ಹೇಳ್ದೆ." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಅಷ್ಟು ದೂರಿಂದ ಬಂದಾರ, ಬರಿಗೈಲೆ ಹೆಂಗ ಕಳಸಲಿ ಅಂತ ನಾಕು ಎಲಿ ಗಂಜ್ಯಾಗ ಅರದು ಹಾಕಿ ಕೊಟ್ಟೆ. ಅದರಿಂದನ ಸತ್ತಳು ಅಂತಾರ. ನನಗೂ ಹಂಗ ಅನಸಾಕತ್ತೈತಿ."

"ನಿನ್ನ ಎಲಿಯಿಂದ ಅಲ್ಲ ಅಜ್ಜಾ. ನಿನ್ನ ಹತ್ರ ಬರೂಕಿಂತ ಮೊದಲ ಆಕಿ ಕಿಡ್ನಿ ಸೋರಿ ಹೋಗಿತ್ತು. ರಕ್ತದ ಕಾಗದ ಸಿಕ್ಕೈತಿ."

ಉಳವಪ್ಪ ಅವಳ ಬಾಯನ್ನೇ ನೋಡಿದ. "ನನ್ನ ಎಲಿ ಅಲ್ಲ?"

"ಅಲ್ಲ."

ಮುದುಕ ತಲೆಗೆ ಸುತ್ತಿದ್ದ ವಸ್ತ್ರವನ್ನು ಬಿಚ್ಚಿ ಮುಖಕ್ಕೆ ಹಿಡಿದುಕೊಂಡ. ಅವನ ಹೆಗಲುಗಳು ಅಲುಗುತ್ತಿದ್ದವು.

ಆಮೇಲೆ ವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡು ಅವನೇ ಮಾತಾಡಿದ. "ಗಂಡ ನೀರು ತರಾಕ ಹೊರಗ ಹೋದಾಗ ಆ ಹುಡುಗಿ ನನ್ನ ಒಂದು ಮಾತು ಕೇಳಿದ್ಲು. ಅಜ್ಜಾ, ಹಚ್ಚೂದು ಬಿಟ್ರೂ ಹಳೇ ಬಣ್ಣ ತಿರುಗಿ ಬರದಂಗ ಮಾಡೂ ಎಲಿ ಐತೇನು ಅಂತ. ನನಗ ತಿಳೀಲಿಲ್ಲ. ಏನು ಹಚ್ಚತಿ ಅಂದ್ರ ಹೇಳಲಿಲ್ಲ. ಬಿಡಾಕ ಬರಂಗಿಲ್ಲ ಅಜ್ಜಾ, ಮನಿಗೆ ಕೆಟ್ಟ ಹೆಸರು ಬರ್ತೈತಿ ಅಂದ್ಲು."

"ಇದನ್ನ ಇಷ್ಟು ದಿನ ಯಾಕ ಹೇಳಲಿಲ್ಲ?"

"ಎಲಿ ಹೆಸರು ಕೇಳಿದ್ರು, ಹೇಳ್ದೆ. ಎಷ್ಟು ಹಾಕಿದಿ ಅಂತ ಕೇಳಿದ್ರು, ಹೇಳ್ದೆ. ಆಕಿ ಏನಂದ್ಲು ಅಂತ ಯಾರೂ ಕೇಳಲಿಲ್ಲವ್ವಾ."

ಕೇಳದವರಲ್ಲಿ ಸುಮಿತಾಳೂ ಒಬ್ಬಳು.

ಹೊರಗೆ ಬಂದು ರಜಾಕನ ಪಕ್ಕದಲ್ಲಿ ಕೂತು, ವರದಿಯ ವಿಷಯವನ್ನು ಆದಷ್ಟು ಸರಳವಾಗಿ ತಿಳಿಸಿದಳು. ಕಾಮಾಲೆಯಲ್ಲ, ಎಲೆಯಲ್ಲ, ಕಿಡ್ನಿ. ಕ್ರೀಮಿನ ಮಾತನ್ನು ಎತ್ತಲಿಲ್ಲ. ಮಹೆಜಬೀನಳನ್ನು ನೋಡುವ ಮುಂಚೆ ಆ ಮನೆಯಲ್ಲಿ ಅದನ್ನು ಬಿತ್ತುವುದು ಬೇಡವೆನಿಸಿತ್ತು.

ರಜಾಕ ಕೇಳಿಸಿಕೊಂಡ. ಉಗುರಿನ ಸಂದಿಯ ಗ್ರೀಸನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತ ಕೂತ.

"ಹಂಗಾರ ಯಾರು ಮಾಡಿದ್ದು?"

"ಅದನ್ನ ಹುಡುಕಾಕತ್ತೇನಿ."

ಅವನು ಎದ್ದು ಎದುರಿನ ಬೆಂಚಿಗೆ ಹೋದ. ಎರಡು ಹೆಜ್ಜೆಯ ದಾರಿ. ಉಳವಪ್ಪನ ಮುಂದೆ ನಿಂತ.

"ಚಾಚಾ, ನಿಮ್ಮ ಬಸ್ಸು ಸಂಜಿಕ. ನಂದು ಜೀಪು ಐತಿ. ನಾ ಮನಿತನಕ ಬಿಡ್ತೇನಿ, ಬರ್ರಿ."

ಉಳವಪ್ಪ ಸುಮಿತಾಳನ್ನು ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು. ರಜಾಕ ಮುದುಕನ ಕೈಚೀಲವನ್ನು ತಾನೇ ಎತ್ತಿಕೊಂಡ.

*

ಹಳಿಯಾಳದ ದಾರಿಯಲ್ಲಿ ಸುಮಿತಾಳಿಗೆ ತನ್ನ ಬಾಲ್ಯ ನೆನಪಾಯಿತು. ಅವಳ ಅಪ್ಪ ಧಾರವಾಡದ ಕಡೆಯಿಂದ ದಾಂಡೇಲಿಗೆ ಕಾಗದದ ಗಿರಣಿಯ ಕೆಲಸಕ್ಕೆ ಬಂದವರು. ಕ್ವಾರ್ಟರ್ಸಿನ ಓಣಿಯಲ್ಲಿ ಅವಳನ್ನು ಎಲ್ಲರೂ ಕರಿ ಸುಮಿ ಎಂದೇ ಕರೆಯುತ್ತಿದ್ದರು. ಕರೆಯುವವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅವ್ವ ಮಾತ್ರ ಪ್ರತಿ ಭಾನುವಾರ ಕಡಲೆಹಿಟ್ಟು, ಕೆನೆ ಹಚ್ಚಿ, ಕೆನ್ನೆ ಉರಿಯುವಂತೆ ತಿಕ್ಕುತ್ತಿದ್ದಳು. ಆಗ ಆ ಓಣಿಗೆ ಹೆಸರಿಲ್ಲದ ಡಬ್ಬಿಗಳು ಬರುತ್ತಿರಲಿಲ್ಲ. ಬಂದಿದ್ದರೆ ಅವ್ವ ಅದನ್ನೂ ಹಚ್ಚುತ್ತಿದ್ದಳು, ಪ್ರೀತಿಯಿಂದಲೇ.

ಪೇಟೆಯ ಅಂಗಡಿಯೊಂದರ ಮಹಡಿಯ ಮೇಲೆ ಮಹೆಜಬೀನಳ ಪಾರ್ಲರ್ ಇತ್ತು. ಒಂದೇ ಕೋಣೆ, ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ. ಮಹೆಜಬೀನಳಿಗೆ ನಲವತ್ತರ ಹತ್ತಿರ. ಸುಮಿತಾ ಒಳಗೆ ಬಂದಾಗ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಲಿಟ್ಟು ಕೂತಿದ್ದಳು. ಸಮವಸ್ತ್ರ ಕಂಡು ಏಳಲು ಹೋದಳು.

"ಕೂಡ್ರಿ. ಕಾಲು ಯಾವಾಗಿಂದ ಬಾತಾವು?"

"ದಿನಾ ನಿಂತು ಕೆಲಸ ಮಾಡೂದಲ್ರಿ. ಎರಡು ತಿಂಗಳಾತು."

ಸುಮಿತಾ ಎರಡು ವರದಿಗಳನ್ನೂ ಕನ್ನಡಿಯ ಮುಂದಿನ ಹಲಗೆಯ ಮೇಲೆ ಬಿಡಿಸಿಟ್ಟಳು.

"ಇದು ನಿಮ್ದು. ಆಲ್ಬುಮಿನ್ ಎರಡು. ಇದು ಆಸಿಫಾಂದು. ಒಂದು ಪಾಯಿಂಟ್ ನಾಲ್ಕು. ಇಬ್ಬರಿಗೂ ಸಕ್ಕರಿ ಇಲ್ಲ, ಬಿಪಿ ಇಲ್ಲ. ಊರು ಬ್ಯಾರೆ, ಅಡಗಿ ಬ್ಯಾರೆ, ಕುಡಿಯೂ ನೀರು ಬ್ಯಾರೆ. ಇಬ್ಬರೂ ಮಾರಿಗೆ ಹಚ್ಚೂದು ಮಾತ್ರ ಒಂದ."

ಮಹೆಜಬೀನ ಕಾಗದಗಳನ್ನು ಮುಟ್ಟಲಿಲ್ಲ.

"ನಾ ಯಾರಿಗೂ ವಿಷ ಕೊಟ್ಟಿಲ್ಲ."

"ಏನು ಕೊಟ್ಟೀರಿ?"

"ಕ್ರೀಮು. ನಾನೂ ಅದನ್ನ ಹಚ್ಚೇನಿ. ವಿಷ ಅಂತ ಗೊತ್ತಿದ್ರ ನನ್ನ ಮಾರಿಗೆ ಹಚ್ಕೋತಿದ್ನೇನು?"

"ಡಬ್ಬಿ ತೋರಸ್ರಿ."

ಅವಳು ಪರದೆಯ ಹಿಂದಿನಿಂದ ಒಂದು ಬಿಳಿ ಡಬ್ಬಿ ತಂದಳು. ಅದರ ಮೇಲೆ ಹೆಸರಿಲ್ಲ, ತಾರೀಖಿಲ್ಲ, ಊರಿಲ್ಲ. ಫೋನಿನಲ್ಲಿ ಹೇಳಿದರೆ ಕೊರಿಯರಿನಲ್ಲಿ ಬರುತ್ತದೆ ಎಂದಳು, ಕಳಿಸುವವನ ಮುಖವನ್ನು ನೋಡಿಲ್ಲ. ಸುಮಿತಾ ಡಬ್ಬಿಯನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದಳು.

"ಇದರಾಗ ಪಾದರಸ ಇರಬೇಕು. ಪರೀಕ್ಷಾಕ ಕಳಸ್ತೇನಿ. ನೀವು ಅದರ ಹಾದಿ ಕಾಯಬ್ಯಾಡ್ರಿ, ಇವತ್ತ ಹುಬ್ಬಳ್ಳಿಗೆ ಹೋಗಿ ಕಿಡ್ನಿ ಡಾಕ್ಟರಿಗೆ ತೋರಸ್ರಿ. ಹಚ್ಚೂದು ಬಿಟ್ಟು ಔಷಧ ತಗೊಂಡ್ರ ಬಾಳ ಮಂದಿಗೆ ವಾಸಿ ಆಗ್ತೈತಂತ."

"ಬಿಟ್ರ ವಾಸಿ ಆಗ್ತೈತಾ?"

"ಆಗ್ತೈತಿ ಅಂತಾರ."

ಮಹೆಜಬೀನ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಕೂತಳು.

"ಆಕಿ ಬಿಟ್ಟಿದ್ಲ್ರಿ," ಎಂದಳು. "ಮೂರು ತಿಂಗಳ ಹಿಂದ ಇಲ್ಲೇ ಬಂದಿದ್ಲು, ಇದ ಕುರ್ಚಿ ಮ್ಯಾಲ ಕುಂತಿದ್ಲು. ಖಾಲಾ, ಮುಂಜಾನೆ ಎದ್ದಾಗ ಕಣ್ಣು ತೆರ್ಯಾಕ ಬರವಲ್ದು, ಮೂತ್ರದಾಗ ಬುರುಗು ಬರ್ತೈತಿ, ಇದು ಬ್ಯಾಡ ಅನಸ್ತೈತಿ ಅಂದ್ಲು. ಬಿಡು ಮತ್ತ, ನಿಕಾಹ್ ಅಂತೂ ಆತಲ್ಲ ಅಂದೆ ನಾ. ಉಳದ ಡಬ್ಬಿ ತಿರುಗಿ ಕೊಟ್ಟು ಹೋದ್ಲು. ಆಮ್ಯಾಲ ನಾ ಆಕಿ ಕೈಯಾಗ ಒಂದೂ ಕೊಟ್ಟಿಲ್ಲ. ಅಲ್ಲಾನ ಆಣಿ."

"ಸಾಯೂತನಕ ಆಕಿ ಮಾರಿ ಬೆಳ್ಳಗ ಇತ್ತು. ಮತ್ತ ಎಲ್ಲಿಂದ ಬಂತು?"

ಕೆಳಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾದುಹೋಯಿತು. ಕನ್ನಡಿ ಸಣ್ಣಗೆ ಅದುರಿ ನಿಂತಿತು.

"ಅಯಾಜ ಒಯ್ದನೇನು?"

"ಅವಗ ಪಾಪ ಏನೂ ಗೊತ್ತಿಲ್ಲ. ಆಕಿ ಬಣ್ಣನ ಅದು ಅಂತ ತಿಳಕೊಂಡಿದ್ದ."

"ಅತ್ತಿ?"

"ಅತ್ತಿ ಒಯ್ಯಲಿಲ್ಲ. ಮಾತಾಡಿದ್ಲು." ಮಹೆಜಬೀನ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕ್ರೀಮು ಬಿಟ್ಟ ತಿಂಗಳದಾಗ ಹಳೇ ಬಣ್ಣ ಬಂತು. ಮೊದಲಿಗಿಂತ ಕಪ್ಪಾತು. ತೋರಿಸಿದ ಹುಡುಗಿ ಒಬ್ಬಾಕಿ, ಕಳಿಸಿದ ಹುಡುಗಿ ಒಬ್ಬಾಕಿ ಏನು ಅಂತ ಅತ್ತಿ ತವರಿಗೆ ಫೋನ್ ಮಾಡಿದ್ಲು. ಆ ಫೋನು ಎತ್ತಿದವರು ಮರುದಿನ ಇಲ್ಲೆ ಬಂದ್ರು. ಮಗಳು ಅಲ್ಲೆ ಅಳಾಕತ್ತಾಳ, ನನಗ ಕೇಳಾಕ ಆಗವಲ್ದು, ಏನರ ಕೊಡು ಅಂದ್ರು. ಬ್ಯಾಡ ಅಂತ ಹೇಳೋ ಧೈರ್ಯ ನನಗ ಬರಲಿಲ್ಲ. ಮೂರು ಡಬ್ಬಿ ಒಯ್ದು ತಾವ ಮುಂಡಗೋಡಕ್ಕ ಹೋಗಿ ಕೊಟ್ಟು ಬಂದ್ರು."

"ಯಾರು?"

"ದುಲಾಭಾಯಿ."

ಅಕ್ಕನ ಗಂಡ. ಅಬ್ದುಲ್ ರಜಾಕ.

ಹನ್ನೊಂದು ದಿನದಿಂದ ಗ್ಯಾರೇಜು ತೆರೆಯದೆ, ಠಾಣೆಯ ಬೆಂಚಿನಲ್ಲಿ ಕೂತು ಕೊಂದವನಿಗಾಗಿ ಕಾಯುತ್ತಿದ್ದ ತಂದೆ.

"ಅವ್ರಿಗೆ ಗೊತ್ತೈತೇನು?" ಸುಮಿತಾ ಕೇಳಿದಳು.

"ಗೊತ್ತಿದ್ರ ಅವ್ರು ಉಳೀತಿದ್ರೇನ್ರಿ?"

"ಮೂರೂ ಆಸಿಫಾಗ ಕೊಟ್ರಾ?"

"ಎರಡು ಆಕಿಗೆ." ಮಹೆಜಬೀನ ಮುಖ ತಿರುಗಿಸಿದಳು. "ಒಂದು ಮನ್ಯಾಗ ಇರಲಿ ಅಂದ್ರು. ರಾಹಿಲನ್ನ ನೋಡಾಕ ಬರೂವರು ಇದ್ರು."

ಸುಮಿತಾ ಎದ್ದು ನಿಂತಳು. ಫೋನ್ ತೆಗೆಯುವಷ್ಟರಲ್ಲಿ ಅದೇ ರಿಂಗಣಿಸಿತು. ಪರದೆಯ ಮೇಲೆ ಅಬ್ದುಲ್ ರಜಾಕನ ನಂಬರು.

"ಅವ್ವಾ, ನಾ ಉಳವಪ್ಪ." ಮುದುಕ ಪಿಸುಮಾತಿನಲ್ಲಿ ಆಡುತ್ತಿದ್ದ. "ಜೋಯಿಡಾ ದಾಟಿ ಬಂದೇವಿ. ಜೀಪಿನಾಗ ಅವನ ಸಣ್ಣ ಮಗಳೂ ಅದಾಳ. ಅಕ್ಕನ ಸಲುವಾಗಿ ಅತ್ತು ಅತ್ತು ಈಕಿ ಮಾರಿ ಬಾತೈತಿ, ಒಂದು ಕಣ್ಣು ನೋಡ್ರಿ ಚಾಚಾ ಅಂತ ನನ್ನ ಜೋಡಿ ಕರಕೊಂಡು ಬಂದಾನ. ಅತ್ತರ ಕಾಲು ಬಾಯಂಗಿಲ್ಲವ್ವಾ. ಕಾಲೂ ಬಾತಾವು."

"ಅಜ್ಜಾ, ಈಗ ಹೆಂಗ ಅದಾಳ?"

"ಎದಿ ಹಿಡಕೊಂಡು ಕುಂತಾಳ. ಉಸರು ಸಣ್ಣಗ ಬರಾಕತ್ತೈತಿ. ಅವ್ರ ಅಪ್ಪ ಜೀಪು ನಿಂದ್ರಿಸಿ ನೀರು ತರಾಕ ಹಳ್ಳಕ್ಕ ಇಳದಾನ."

"ಜೀಪು ತಿರುಗಿಸಾಕ ಹೇಳು. ಈಗಿಂದೀಗ. ನಾ ಜೋಯಿಡಾದಿಂದ ಆಂಬುಲೆನ್ಸ್ ಎದುರು ಕಳಸ್ತೇನಿ."

"ಹೇಳ್ತೇನಿ. ಯಾಕ ಅಂತ ಕೇಳ್ತಾನ." ಉಳವಪ್ಪ ತಡೆದ. "ಏನು ಹಚ್ಚತಿ ಅಂತ ಈ ಸಲ ಕೇಳ್ದೆ, ಅಕ್ಕ ಹಚ್ಚಿದ್ದ ಡಬ್ಬಿ ಅಂದ್ಲು. ಹುಡುಗಿಗೆ ಎಲ್ಲಾ ತಿಳದೈತವ್ವಾ. ಡಬ್ಬಿ ತಂದಾಂವ ನಮ್ಮ ಅಬ್ಬಾ, ಅವ್ರಿಗೆ ಹೇಳಬ್ಯಾಡ ಅಜ್ಜಾ, ಅವ್ರು ಬದುಕಂಗಿಲ್ಲ ಅಂತ ನನಗ ಕೈ ಮುಗದಾಳ. ಬಂದ ನೋಡು. ನಾ ಅವಗ ಏನಂತ ಹೇಳಲಿ?"

ಕಲ್ಲುಗಳ ಮೇಲೆ ಓಡಿ ಬರುವ ಹೆಜ್ಜೆಯ ಸದ್ದು. ಯಾರೋ ಫೋನ್ ಇಸಿದುಕೊಂಡರು.

"ಮೇಡಂ, ರಜಾಕ ರೀ," ಏದುಸಿರಿನ ದನಿ. "ಚಾಚಾ ಮಾತಾಡಾಕತ್ತಿದ್ರಲ್ಲ, ಯಾರಂತ ಗೊತ್ತಾತೇನ್ರಿ? ನನ್ನ ಮಗಳನ್ನ ಕೊಂದಾಂವ ಯಾರಂತ ಗೊತ್ತಾತೇನು?"

ಕಾಡಿನ ಆ ಜಾಗದಲ್ಲಿ ಸಿಗ್ನಲ್ ಚೆನ್ನಾಗಿತ್ತು. ಒಂದೊಂದು ಮಾತೂ ಬಿಡಿಯಾಗಿ ಕೇಳುತ್ತಿತ್ತು. ಅವನ ಹಿಂದೆ, ತುಂಡು ತುಂಡಾಗಿ ಬರುತ್ತಿದ್ದ ರಾಹಿಲಳ ಉಸಿರೂ ಕೇಳುತ್ತಿತ್ತು.